ಮೊದಲ ಸಾಲಿಗೆ ಮಸಿ

ಮಂಡಿಪೇಟೆಯ ನಮ್ಮ ಅಂಗಡಿಗೆ ಬರುವುದು
ಮದುವೆ ಕಾರ್ಡು, ಬಿಲ್ ಪುಸ್ತಕ, ಸೊಸೈಟಿಯ ವಾರ್ಷಿಕ ವರದಿ,
ಕೈಲಾಸ ಸಮಾರಾಧನೆಯ ಆಹ್ವಾನ.
ಹೀಬ್ರೂ ಬಂದದ್ದು ಅದೊಂದೇ ಸಲ.

ತಂದವಳು ಹರಿಹರದ ಸೆಲೆಸ್ಟಿನ್.
ಹೈಫಾದಲ್ಲಿ ಆರು ವರ್ಷ
ಗಡಿಯಾರ ರಿಪೇರಿಯ ಒಬ್ಬ ಮುದುಕನ
ಮೈ ಒರೆಸಿ, ಮಾತ್ರೆ ಎಣಿಸಿ, ಪೆನ್ನಿಗೆ ಇಂಕು ತುಂಬಿದವಳು.
ಅವಳಿಗೆ ಅಕ್ಷರ ಕಲಿಸಿದ್ದೂ ಅವನೇ.
ಮೊಮ್ಮಕ್ಕಳು ಕಳಿಸಿದ ಫೈಲು, ಜೊತೆಗೆ ನೋಟುಬುಕ್ಕಿನ ಫೋಟೊ,
ನಲವತ್ತೆಂಟು ಪುಟ, ಮೂವತ್ತು ಪ್ರತಿ ಸಾಕಂತೆ,
ಅಲ್ಲಿಗಿಂತ ಇಲ್ಲಿ ಅಗ್ಗವಂತೆ.
"ಒಂದೇ ಮಾತು ಸರ್. ಪ್ರತಿ ಪ್ಯಾರಾದ್ದೂ ಮೊದಲ ಸಾಲು ಕಪ್ಪಗಿರಬೇಕು.
ಅಜ್ಜ ಹಂಗೇ ಬರೀತಿದ್ದ."

ಫೋಟೊ ನೋಡಿದೆ. ನಿಜ.
ಪ್ಯಾರಾ ಶುರುವಾದಾಗ ನಿಬ್ಬು ಒತ್ತಿ, ದಪ್ಪಗೆ, ನಿಧಾನಕ್ಕೆ;
ಎರಡನೆಯದಕ್ಕೆ ಬರುವಷ್ಟರಲ್ಲಿ ಕೈ ಸೋತು
ಇರುವೆ ಸಾಲು.

ನಮ್ಮ ಹಾಗೆ ಅವರಲ್ಲೂ ದೊಡ್ಡಕ್ಷರ ಇಲ್ಲ.
ವಾಕ್ಯದ ತಲೆಗೆ ಪೇಟ ಸುತ್ತುವ ಪದ್ಧತಿ ಇಲ್ಲ.
ಇಲ್ಲಿಂದ ಶುರು ಅಂತ ಹೇಳಬೇಕಾದರೆ
ಒಂದು ಜಾಗ ಬಿಡಬೇಕು,
ಇಲ್ಲ ಮಸಿ ಸುರಿಯಬೇಕು.

ನಾನು ಅಭ್ಯಾಸಬಲದಿಂದ ಎಡಗಡೆ ಜಾಗ ಬಿಟ್ಟೆ.
ಪೂರ್ಣವಿರಾಮ ಹಾರಿಹೋಗಿ ಸಾಲಿನ ಹಣೆಗೆ ಅಂಟಿತು.
ಪಕ್ಕದ ಮೇಜಿನಲ್ಲಿ ಉರ್ದು ಕಾರ್ಡು ಕೂಡಿಸುವ ಜಬೀನಾ ನಕ್ಕಳು:
"ಅಂಗಿ ಹಿಂದುಮುಂದಾಗಿ ಹಾಕ್ಕೊಂಡಂಗೈತಿ. ಸರೀರಿ ಆಚೆ."
ಒಂದು ಗುಂಡಿ ಒತ್ತಿದಳು.
ಪುಟ ಪೂರ್ತಿ, ಬಹಳ ದಿನ ಮಲಗಿದ್ದ ರೋಗಿಯಂತೆ,
ಮಗ್ಗುಲು ಬದಲಿಸಿತು.

ಆಮೇಲೆ ಮೊದಲ ಸಾಲಿಗೆ ಸ್ಟೈಲು.
ಕಷ್ಟ ಅಲ್ಲ. ಕಷ್ಟ ಏನೆಂದರೆ
ಹೊಲಿಗೆಗೆಂದು ಅಂಚು ಎರಡು ಮಿಲಿಮೀಟರ್ ಜರುಗಿಸಿದೆ,
ಕಪ್ಪಿನಲ್ಲಿ ಕೂತಿದ್ದ ಪದ ಕೆಳಕ್ಕೆ ಜಾರಿ ಬಡಕಲಾಯಿತು.
ಮತ್ತೆ ಹಿಗ್ಗಿಸಿದೆ, ಇನ್ಯಾವುದೋ ಎರಡು ಪದ
ಕರೆಯದೆ ಮೇಲೆ ಬಂದು ಕೂತವು.
ಇಪ್ಪತ್ತು ವರ್ಷ ಈ ಕೆಲಸ ಮಾಡಿ ಅವತ್ತು ಗೊತ್ತಾಯಿತು:
ಮೊದಲ ಸಾಲು ಬರೆದವನದ್ದಲ್ಲ, ಕಾಗದದ್ದು.

"ಅಜ್ಜ ನಿಲ್ಲಿಸಿದ ಪದದವರೆಗೆ ಎಣಿಸಿ ಕಪ್ಪು ಮಾಡಲೊ,
ಪುಟ ಹೇಳಿದಲ್ಲಿಗೆ ಬಿಡಲೊ?"
ಸೆಲೆಸ್ಟಿನ್ ಬಹಳ ಹೊತ್ತು ಫ್ಯಾನು ನೋಡಿದಳು.
"ಅವನಿಗೂ ಅಂಗಡಿಯವನು ಕೊಟ್ಟ ಅಗಲವೇ ಅಲ್ವಾ ಸರ್.
ಪುಟ ಹೇಳಿದಂಗೇ ಇರಲಿ."

ಅವಳೇ ಹೇಳಿದ್ದು:
ಸಾಲು ತುಂಬದಿದ್ದರೆ ಅವರು ಪದ ಮುರಿಯುವುದಿಲ್ಲವಂತೆ,
ಹಳೆಯ ಕಾಲದ ಬರೆಯುವವರು
ಕೊನೆಯ ಅಕ್ಷರದ ತೋಳನ್ನೇ
ಗೋಡೆ ಮುಟ್ಟುವ ತನಕ ಚಾಚುತ್ತಿದ್ದರಂತೆ.
ನನ್ನ ಫಾಂಟಿಗೆ ಅಂಥ ತೋಳಿರಲಿಲ್ಲ.
ಪದಗಳ ನಡುವೆ ಗಾಳಿ ತುಂಬಿ ಸುಮ್ಮನಾದೆ.

ಮೂವತ್ತೊಂದನೆಯ ಪುಟದಲ್ಲಿ ಒಂದು ಪ್ಯಾರಾ ಪೂರ್ತಿ ಕಪ್ಪು.
ತಪ್ಪಾಯಿತೆಂದು ತಿದ್ದಹೊರಟೆ.
ತಪ್ಪಲ್ಲ. ಇದ್ದದ್ದೇ ಒಂದು ಸಾಲು.
ಫೋಟೊದಲ್ಲೂ ಹಾಗೇ, ಕಡೆಯ ತನಕ ದಪ್ಪಗೆ.
ಸೆಲೆಸ್ಟಿನ್ ಪರದೆಯ ಮೇಲೆ ಬೆರಳಿಟ್ಟು
ಬಲದಿಂದ ಎಡಕ್ಕೆ, ಅಂಗನವಾಡಿಯ ಮಗುವಿನಂತೆ, ಓದಿದಳು:
"ಇವತ್ತು ಹುಡುಗಿ ಅನ್ನ ಮಾಡಿದಳು. ಉಪ್ಪು ಸರಿ ಇತ್ತು."

ಅಷ್ಟೇ.
ಕೈ ಸೋಲುವ ಮೊದಲೇ ಮುಗಿದಿತ್ತು.
ಅವಳು ಬಿಲ್ಲು ಕೇಳಿದಳು, ಜಿಎಸ್‌ಟಿ ಹಾಕಿದ್ದೇ ಬೇಕೆಂದಳು,
ಕೊಡೆ ಮರೆತು ಹೋಗಿ ವಾಪಸು ಬಂದಳು.

ಬೇಡದ ಪ್ರೂಫು ಎಂದಿನಂತೆ ಮಂಡಕ್ಕಿ ಅಂಗಡಿಗೆ.
ಮೊನ್ನೆ ಸಂಜೆ ಮಿರ್ಚಿಯ ಪೊಟ್ಟಣ ಬಿಚ್ಚಿದರೆ
ಎಣ್ಣೆ ಕುಡಿದ ಒಂದು ಪ್ಯಾರಾ.
ಓದಲು ನನಗೆ ಬಾರದು.
ಆದರೂ ಮಿರ್ಚಿ ಆರುವಷ್ಟು ಹೊತ್ತು
ಬೆರಳು ತಾನಾಗಿ ಬಲಗಡೆಯ ಮೂಲೆಯಲ್ಲಿ ನಿಂತಿತ್ತು,
ಮಸಿ ಹೆಚ್ಚಿರುವ ಕಡೆ.